ಕ್ಲೌಡ್ ಬದಲಾಗುತ್ತಲೇ ಇರುತ್ತದೆ. ಕ್ಲೈಂಟ್ ಲೈಬ್ರರಿ ಏನು ಮಾಡಬೇಕು?

ಕಾಸರಗೋಡಿನ ಪೆರ್ಲದಲ್ಲೋ ಬದಿಯಡ್ಕದಲ್ಲೋ ಮುಳ್ಳೇರಿಯದಲ್ಲೋ ಕನ್ನಡ ಮಾತ್ರ ಓದಲು ಬರುವ ಹಿರಿಯರೊಬ್ಬರಿಗೆ ವಿಲೇಜ್ ಆಫೀಸಿನಲ್ಲಿ ಒಂದು ಕೆಲಸ ಆಗಬೇಕು ಎಂದಿಟ್ಟುಕೊಳ್ಳಿ. ನಮೂನೆ ಮಲಯಾಳದಲ್ಲಿ ಉಂಟು. ಅವರು ಪೇಟೆಯಲ್ಲಿ ಅರ್ಜಿ ಬರೆದುಕೊಡುವವರ ಎದುರು ಕೂತು ವಿಷಯ ಹೇಳುತ್ತಾರೆ, ಕನ್ನಡದಲ್ಲಿ ಅಥವಾ ತುಳುವಿನಲ್ಲಿ. ಯಾವ ನಮೂನೆ, ಯಾವ ಕಾಲಂನಲ್ಲಿ ಏನು, ಶುಲ್ಕ ಎಷ್ಟು, ಸಹಿ ಎಲ್ಲಿ, ವಾಪಸ್ ಬಂದರೆ ಏನನ್ನು ತಿದ್ದಬೇಕು ಎಂಬುದೆಲ್ಲ ಬರೆಯುವವರ ತಲೆನೋವು. ಹಿರಿಯರಿಗೆ ತಮ್ಮ ಕೆಲಸ ಆದರೆ ಸಾಕು.

ನಮ್ಮ ಪ್ರೋಗ್ರಾಂಗೂ ಕ್ಲೌಡಿಗೂ ನಡುವೆ ಕೂರುವ ಸಿದ್ಧ ಕೋಡ್, ಅಂದರೆ ಕ್ಲೈಂಟ್ ಲೈಬ್ರರಿ, ಮಾಡುವುದು ಹೆಚ್ಚುಕಡಿಮೆ ಇದನ್ನೇ. ಇಂಟರ್‌ನೆಟ್ಟಿನ ಮೂಲಕ ಸಂಗ್ರಹವನ್ನೂ ಸರ್ವರ್‌ಗಳನ್ನೂ ಬಾಡಿಗೆಗೆ ಕೊಡುವ ಕ್ಲೌಡ್ ಕಂಪನಿಯೇ ಇಲ್ಲಿ ಕಚೇರಿ, ಅದರ ಎಪಿಐ ಎಂಬುದು ನಮೂನೆಗಳ ಮತ್ತು ನಿಯಮಗಳ ಕಟ್ಟು. ನಮ್ಮ ಪ್ರೋಗ್ರಾಂ 'ಈ ಫೋಟೋ ಇಟ್ಟುಕೋ' ಎಂದಷ್ಟೇ ಹೇಳುತ್ತದೆ. ಸರಿಯಾದ ವಿಳಾಸ ಹುಡುಕುವುದು, ವಿನಂತಿಯನ್ನು ಎಚ್‌ಟಿಟಿಪಿ ಎಂಬ ವೆಬ್ಬಿನ ಮಾತುಕತೆಯ ರೂಪಕ್ಕೆ ತರುವುದು, ಗುಟ್ಟಿನ ಕೀಲಿಯಿಂದ ಸಹಿ ಹಾಕುವುದು, ಬಂದ ಉತ್ತರವನ್ನು ಬಿಡಿಸಿ ಕೊಡುವುದು, ಉತ್ತರ ಬಾರದಿದ್ದರೆ ಇನ್ನೊಮ್ಮೆ ಕೇಳುವುದು ಎಲ್ಲ ಲೈಬ್ರರಿಯ ಪಾಲಿಗೆ.

ತೊಂದರೆ ಏನೆಂದರೆ, ಈ ಕಚೇರಿಯ ನಮೂನೆಗಳು ಬದಲಾಗುವುದು ವರ್ಷಕ್ಕೊಮ್ಮೆ ಅಲ್ಲ. ಅಮೆಜಾನ್ ಕ್ಲೌಡಿನ ಪೈಥಾನ್ ಭಾಷೆಯ ಲೈಬ್ರರಿ ಬೋಟೊ3ರ ಹೊಸ ಆವೃತ್ತಿ ಸುಮಾರಾಗಿ ಪ್ರತಿ ಕೆಲಸದ ದಿನವೂ ಬರುತ್ತದೆ. ಅಷ್ಟು ವೇಗವಾಗಿ ಮೇಲಿನದು ಬದಲಾಗುತ್ತಿದ್ದರೂ ಕೆಳಗೆ ಅದನ್ನು ನೆಚ್ಚಿ ಕೋಡ್ ಬರೆದವರು ಯಾರೂ ದಿನಾ ತಮ್ಮ ಕೋಡ್ ತಿದ್ದಲು ತಯಾರಿಲ್ಲ. ಲೈಬ್ರರಿ ನಿಂತಿರುವುದು ಈ ಎರಡರ ನಡುವೆ. ಅದನ್ನು 'ಅಪ್‌ಡೇಟ್ ಆಗಿಡುವುದು' ಎಂದರೆ ಹೊಸ ಫೀಚರ್ ಸೇರಿಸುತ್ತಾ ಹೋಗುವುದು ಎಂದು ಹೆಚ್ಚಿನವರು ತಿಳಿದಿದ್ದಾರೆ. ಅದು ಸುಲಭದ ಭಾಗ. ಕಷ್ಟದ ಭಾಗ ತೀರ್ಮಾನದ್ದು: ಮೇಲಿನಿಂದ ಬಂದ ಯಾವ ಬದಲಾವಣೆಯನ್ನು ಲೈಬ್ರರಿ ತಾನೇ ನುಂಗಿಕೊಳ್ಳಬೇಕು, ಯಾವುದನ್ನು ಬಳಕೆದಾರರಿಗೆ ದಾಟಿಸಲೇಬೇಕು?

ಮಾತು ಗಾಳಿಯಲ್ಲಿ ತೇಲದಂತೆ ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಎಣ್ಮಕಜೆ ಕಡೆಯ ನಾಲ್ಕಾರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅಡಿಕೆ ತೋಟದ ರೋಗಗಳ ಫೋಟೋ ಸಂಗ್ರಹಿಸುವ ಆ್ಯಪ್ ಮಾಡಿದ್ದಾರೆ. ಕೃಷಿಕರು ಕೊಳೆರೋಗದ ಗೊನೆ, ಎಲೆಚುಕ್ಕಿ ಬಂದ ಸೋಗೆ ಇವುಗಳ ಚಿತ್ರ ಕಳಿಸುತ್ತಾರೆ; ಅವು ಅಮೆಜಾನಿನ ಎಸ್3 ಎಂಬ ಸಂಗ್ರಹದಲ್ಲಿ, ಮುಂಬೈ ಡೇಟಾ ಸೆಂಟರುಗಳ ವಲಯದಲ್ಲಿ ಕೂರುತ್ತವೆ. ಆ್ಯಪಿಗೂ ಎಸ್3ಗೂ ನಡುವೆ ಈ ಹುಡುಗರು ತಾವೇ ಬರೆದ ಒಂದು ಪುಟ್ಟ ಲೈಬ್ರರಿ ಉಂಟು. ಅದನ್ನು ನೆರೆಯ ಇನ್ನೆರಡು ಗುಂಪುಗಳೂ ಬಳಸುತ್ತಿವೆ.

ಕೈಬರಹ ಬಿಟ್ಟು ಮಾದರಿಗೆ

ಮೊದಲ ಪ್ರಶ್ನೆ, ಈ ಲೈಬ್ರರಿಯನ್ನು ಬರೆಯುವುದು ಹೇಗೆ. ಪ್ರತಿ ಎಪಿಐ ಕರೆಗೂ ಕೈಯಾರೆ ಒಂದೊಂದು ಫಂಕ್ಷನ್ ಬರೆಯಬಹುದು. ಮಿಚ್ ಗಾರ್ನಾಟ್ ಎಂಬ ಪ್ರೋಗ್ರಾಮರ್ ಆರಂಭಿಸಿದ ಹಳೆಯ ಬೋಟೊ ಹಾಗೆಯೇ ಬೆಳೆದದ್ದು. ಅಮೆಜಾನ್ ನದಿಯ ಸಿಹಿನೀರಿನ ಡಾಲ್ಫಿನ್‌ನ ಹೆಸರು ಅದಕ್ಕೆ. ಎಸ್3 2006ರಲ್ಲಿ ಬಂದಾಗ ಸೇವೆಗಳೇ ಬೆರಳೆಣಿಕೆಯಷ್ಟು, ಕೈಬರಹ ಸಾಕಾಗುತ್ತಿತ್ತು. ಸೇವೆಗಳು ನೂರು ದಾಟಿದಾಗ, ಪ್ರತಿಯೊಂದರಲ್ಲೂ ಹತ್ತಾರು ನೂರಾರು ಕರೆಗಳಿದ್ದಾಗ, ಕೈಬರಹ ಯಾವತ್ತೂ ಹಿಂದೆಯೇ ಉಳಿಯುತ್ತದೆ. ಕಂಪನಿ ಇವತ್ತು ಒಂದು ಕಾಲಂ ಸೇರಿಸಿದರೆ ಲೈಬ್ರರಿಯಲ್ಲಿ ಅದು ಬರುವುದು ಯಾರಾದರೂ ಪುಣ್ಯಾತ್ಮರು ಬಿಡುವು ಮಾಡಿಕೊಂಡಾಗ.

2015ರಲ್ಲಿ ಸ್ಥಿರ ರೂಪದಲ್ಲಿ ಬಂದ ಬೋಟೊ3 ಈ ಕಥೆಯನ್ನು ತಿರುಗಿಸಿತು. ಅದರ ಅಡಿಪಾಯವಾದ ಬೋಟೊಕೋರ್‌ನಲ್ಲಿ ಸೇವೆಗಳ ಫಂಕ್ಷನ್‌ಗಳನ್ನು ಯಾರೂ ಬರೆದಿಟ್ಟಿಲ್ಲ. ಬದಲಿಗೆ ಪ್ರತಿ ಸೇವೆಗೂ ಒಂದು ಜೇಸನ್ ಕಡತ, ಅಂದರೆ ಯಂತ್ರ ಓದಬಲ್ಲ ಪಟ್ಟಿ ಇದೆ: ಈ ಕರೆಯ ಹೆಸರು ಇದು, ಇಷ್ಟು ಕಾಲಂ, ಇವು ಕಡ್ಡಾಯ, ಉತ್ತರದ ಆಕಾರ ಹೀಗೆ, ದೋಷಗಳು ಇವು. ಪ್ರೋಗ್ರಾಂ ಓಡುವಾಗ ಲೈಬ್ರರಿ ಆ ಮಾದರಿಯನ್ನು ಓದಿ ಫಂಕ್ಷನ್‌ಗಳನ್ನು ಆಗಿಂದಾಗಲೇ ಹುಟ್ಟಿಸುತ್ತದೆ. ಸೇವೆಯ ತಂಡ ಹೊಸ ಕಾಲಂ ಸೇರಿಸಿದರೆ ಕಡತವನ್ನು ಬದಲಾಯಿಸಿದರಾಯಿತು. ದಿನಾ ಹೊಸ ಆವೃತ್ತಿ ಬರುವುದರ ಗುಟ್ಟು ಇದೇ. ಅದರ ಹೆಚ್ಚಿನ ಪಾಲು ಈ ಕಡತಗಳ ಬದಲಾವಣೆ ಅಷ್ಟೆ. ಗೂಗಲ್, ಮೈಕ್ರೋಸಾಫ್ಟ್ ಕೂಡ ಇದೇ ದಾರಿಯಲ್ಲಿವೆ. ಗೂಗಲ್‌ನದು ಡಿಸ್ಕವರಿ ದಾಖಲೆಗಳು ಮತ್ತು ಪ್ರೋಟೊಕಾಲ್ ಬಫರ್‌ಗಳು ಎಂಬ ವಿವರಣೆಗಳು, ಮೈಕ್ರೋಸಾಫ್ಟ್ ತನ್ನ ಕ್ಲೌಡ್ ಆದ ಅಜ್ಯೂರ್‌ನ ಎಪಿಐಗಳ ವಿವರಣೆಗಳನ್ನು ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಿದೆ.

ಹಾಗಾದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಾದರಿಯನ್ನು ಪ್ರತಿ ಸಲ ಕ್ಲೌಡಿನಿಂದಲೇ ತರಿಸಿಕೊಂಡರೆ ಲೈಬ್ರರಿ ಸದಾ ಹೊಸತಾಗಿರುತ್ತದಲ್ಲ? ಗೂಗಲ್‌ನ ಪೈಥಾನ್ ಎಪಿಐ ಕ್ಲೈಂಟ್ ಬಹಳ ಕಾಲ ಹೀಗೆಯೇ ಮಾಡುತ್ತಿತ್ತು. ಸೇವೆಯ ಕ್ಲೈಂಟ್ ಕಟ್ಟುವಾಗ ಡಿಸ್ಕವರಿ ದಾಖಲೆಯನ್ನು ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳುತ್ತಿತ್ತು. 2021ರಲ್ಲಿ ಬಂದ ಅದರ 2.0 ಆವೃತ್ತಿ ಇದನ್ನು ಕೈಬಿಟ್ಟು, ದಾಖಲೆಗಳನ್ನೆಲ್ಲ ಪ್ಯಾಕೇಜಿನೊಳಗೇ ಕಟ್ಟಿ ಕೊಡಲು ಶುರುಮಾಡಿತು. ಪ್ಯಾಕೇಜ್ ದಪ್ಪವಾಯಿತು, ಪರವಾಗಿಲ್ಲ. ನಿಮ್ಮ ಒಂದಕ್ಷರವೂ ಬದಲಾಗದೆ ಸೋಮವಾರ ನಡೆದ ಪ್ರೋಗ್ರಾಂ ಮಂಗಳವಾರ ಬೇರೆ ರೀತಿ ನಡೆಯುವುದಕ್ಕಿಂತ ಅದು ಎಷ್ಟೋ ವಾಸಿ. ಮಳೆಗಾಲದಲ್ಲಿ ನೆಟ್ ಬಂದು ಹೋಗಿ ಮಾಡುವ ನಮ್ಮ ಊರಿನಲ್ಲಂತೂ, ಕೆಲಸ ಶುರುಮಾಡುವ ಮುನ್ನವೇ ಒಂದು ದಾಖಲೆ ಇಳಿಸಿಕೊಳ್ಳಬೇಕೆಂಬ ಲೈಬ್ರರಿ ಯಾರಿಗೆ ಬೇಕು? ನನ್ನ ಮಟ್ಟಿಗೆ ನಿಯಮ ಹೀಗೆ: ಮಾದರಿಯನ್ನು ಯಂತ್ರ ತರಲಿ, ದಿನಾ ತರಲಿ, ಆದರೆ ಅದು ಲೈಬ್ರರಿಯ ಒಂದು ನಿರ್ದಿಷ್ಟ ಆವೃತ್ತಿಯ ಒಳಗೆ ಸೇರಿಕೊಂಡೇ ಬಳಕೆದಾರರನ್ನು ತಲುಪಲಿ.

ನಮ್ಮ ಎಣ್ಮಕಜೆಯ ಹುಡುಗರಿಗೆ ಇಡೀ ಬೋಟೊಕೋರ್ ಕಟ್ಟುವ ಅಗತ್ಯವಿಲ್ಲ. ಅದನ್ನೇ ಒಳಗಿಟ್ಟುಕೊಂಡು ತಮಗೆ ಬೇಕಾದ ನಾಲ್ಕು ಕರೆಗಳನ್ನು ಹೊರಗೆ ತೋರಿಸಿದರೆ ಸಾಕು. ಆದರೆ ಆಗಲೂ ಮುಂದೆ ಹೇಳುವ ಯಾವ ರಗಳೆಯೂ ತಪ್ಪುವುದಿಲ್ಲ.

ಸೇರಿಸಿದರೆ ಮುರಿಯುತ್ತದೆಯೇ?

ಬದಲಾವಣೆಗಳಲ್ಲಿ ಅತಿ ಸಾಧು ಎಂದರೆ ಸೇರ್ಪಡೆ. ಉತ್ತರದಲ್ಲಿ ಹೊಸದೊಂದು ಕಾಲಂ ಬಂತು, ಹಳೆಯ ಲೈಬ್ರರಿ ಅದನ್ನು ನೋಡದೆ ಮುಂದೆ ಹೋಗುತ್ತದೆ. ವಿನಂತಿಯಲ್ಲಿ ಐಚ್ಛಿಕ ಕಾಲಂ ಬಂತು, ತುಂಬದಿದ್ದರಾಯಿತು. ವಿನಂತಿಯಲ್ಲಿ ಕಡ್ಡಾಯ ಕಾಲಂ ಬಂದರೆ ಮಾತ್ರ ಹಳೆಯ ಅರ್ಜಿಗಳೆಲ್ಲ ವಾಪಸ್. ಇಷ್ಟು ಎಲ್ಲರಿಗೂ ಗೊತ್ತು.

ಗೊತ್ತಿಲ್ಲದೆ ಎಡವುವುದು ಪಟ್ಟಿಯ ಮೌಲ್ಯಗಳಲ್ಲಿ. ಸಂಗ್ರಹದ ದರ್ಜೆ ಎಂಬ ಕಾಲಂನಲ್ಲಿ ಇವತ್ತು ಐದೋ ಆರೋ ಆಯ್ಕೆಗಳಿವೆ ಎನ್ನಿ. ಜಾವಾದಂಥ ಭಾಷೆಯಲ್ಲಿ ಅದನ್ನು ಮುಚ್ಚಿದ ಪಟ್ಟಿಯಾಗಿ ಬರೆದುಬಿಟ್ಟರೆ, ನಾಳೆ ಕಂಪನಿ ಏಳನೆಯದನ್ನು ಸೇರಿಸಿದ ಕ್ಷಣ ಹಳೆಯ ಲೈಬ್ರರಿ 'ಇಂಥದ್ದೊಂದು ಇಲ್ಲವೇ ಇಲ್ಲ' ಎಂದು ಬಿದ್ದುಹೋಗುತ್ತದೆ. ಎಪಿಐ ಏನನ್ನೂ ಮುರಿಯಲಿಲ್ಲ, ಲೈಬ್ರರಿಯ ಹಟವೇ ಮುರಿದದ್ದು. ಅಮೆಜಾನಿನ ಜಾವಾ ಎಸ್‌ಡಿಕೆಯ (ಜಾವಾ ಭಾಷೆಯ ಲೈಬ್ರರಿಗಳ ಕಟ್ಟು) ಎರಡನೇ ಆವೃತ್ತಿ ಇದಕ್ಕೊಂದು ಚಂದದ ಉಪಾಯ ಮಾಡಿದೆ: ಇಂಥ ಪ್ರತಿ ಪಟ್ಟಿಯಲ್ಲೂ 'ಈ ಎಸ್‌ಡಿಕೆ ಆವೃತ್ತಿಗೆ ಗೊತ್ತಿಲ್ಲದ್ದು' ಎಂಬ ಅರ್ಥದ ಒಂದು ಹೆಚ್ಚುವರಿ ಮೌಲ್ಯ ಇರುತ್ತದೆ. ಅಪರಿಚಿತವಾದುದು ಬಂದರೆ ಅದಕ್ಕೆ ಆ ಚೀಟಿ ಅಂಟಿಸಿ, ಮೂಲ ಅಕ್ಷರಗಳನ್ನು ಹಾಗೆಯೇ ಉಳಿಸಿ ದಾಟಿಸುತ್ತದೆ. ತನಗೆ ಗೊತ್ತಿಲ್ಲದ್ದು ಇದೆ ಎಂಬ ಅರಿವನ್ನು ಮೊದಲೇ ಹೊಲಿದುಕೊಂಡ ಕೋಡ್ ಇದು. ನುಂಗುವ ಮತ್ತು ದಾಟಿಸುವ ಕೆಲಸ ಎರಡೂ ಇಲ್ಲಿ ಒಂದೇ ಸಾಲಿನಲ್ಲಿ ಆಗಿವೆ.

ವಲಯಗಳ ಪಟ್ಟಿಯೂ ಹೀಗೆಯೇ. ಅಮೆಜಾನಿನ ಹೈದರಾಬಾದ್ ವಲಯ ತೆರೆದದ್ದು 2022ರ ನವೆಂಬರಿನಲ್ಲಿ. ಭಾರತದಲ್ಲಿ ಇರುವುದು ಮುಂಬೈ ಒಂದೇ ಎಂದು ಕೋಡಿನಲ್ಲಿ ಕೆತ್ತಿಟ್ಟವರ ಲೈಬ್ರರಿಗೆ ಹೈದರಾಬಾದ್ ಎಂಬ ಊರೇ ಇಲ್ಲ.

ಸಹಿ ಬದಲಾದಾಗ

ನುಂಗಿಕೊಳ್ಳಲೇಬೇಕಾದ ಬದಲಾವಣೆಗೆ ಸಹಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಮೆಜಾನಿಗೆ ಕಳಿಸುವ ಪ್ರತಿ ವಿನಂತಿಗೂ ಗಣಿತದ ಸಹಿ ಬೇಕು. ಎರಡನೇ ಆವೃತ್ತಿಯ ಸಹಿಯಲ್ಲಿ ಗುಟ್ಟಿನ ಕೀಲಿಯನ್ನು ನೇರವಾಗಿ ಬಳಸಿ ಮುದ್ರೆ ಒತ್ತುತ್ತಿದ್ದರು. ನಾಲ್ಕನೆಯದರಲ್ಲಿ ಹಾಗಲ್ಲ. ಕೀಲಿಯನ್ನು ಮೊದಲು ಆ ದಿನದ ದಿನಾಂಕದೊಂದಿಗೆ, ಬಂದದ್ದನ್ನು ವಲಯದ ಹೆಸರಿನೊಂದಿಗೆ, ಅದನ್ನು ಸೇವೆಯ ಹೆಸರಿನೊಂದಿಗೆ, ಹೀಗೆ ಹಂತಹಂತವಾಗಿ ಅರೆದು ಒಂದು ತಾತ್ಕಾಲಿಕ ಕೀಲಿ ಮಾಡಿ, ಅದರಿಂದ ಸಹಿ ಹಾಕಬೇಕು. ಆ ತಾತ್ಕಾಲಿಕ ಕೀಲಿ ಯಾರ ಕೈಗಾದರೂ ಸಿಕ್ಕಿದರೂ ಆ ದಿನಾಂಕ, ಆ ವಲಯ, ಆ ಸೇವೆಯ ಆಚೆ ಅದಕ್ಕೆ ಬೆಲೆಯಿಲ್ಲ.

2014ರ ಜನವರಿಯ ನಂತರ ತೆರೆದ ವಲಯಗಳಲ್ಲಿ ಎಸ್3 ಈ ನಾಲ್ಕನೇ ಸಹಿಯನ್ನು ಮಾತ್ರ ಒಪ್ಪುತ್ತದೆ. ಮುಂಬೈ ವಲಯ ತೆರೆದದ್ದು 2016ರ ಜೂನ್‌ನಲ್ಲಿ. ಹಾಗಾಗಿ ಅಲ್ಲಿಯ ತನಕ ಸಿಂಗಾಪುರದಲ್ಲಿ ಫೋಟೋ ಇಡುತ್ತಿದ್ದವರು 'ನಮ್ಮ ದೇಶದಲ್ಲೇ ಬಂತಲ್ಲ' ಎಂದು ಖುಷಿಯಿಂದ ವಲಯದ ಹೆಸರು ಬದಲಾಯಿಸಿದರೆ, ಹಳೆಯ ಲೈಬ್ರರಿಗೆ ಸಿಗುತ್ತಿದ್ದ ಉತ್ತರ ಒಂದೇ: ನೀವು ಕೊಟ್ಟ ದೃಢೀಕರಣ ವಿಧಾನಕ್ಕೆ ಬೆಂಬಲವಿಲ್ಲ, ಹೊಸದನ್ನು ಬಳಸಿ. ಕೀಲಿ ಸರಿ, ಬಕೆಟ್ (ಎಸ್3ಯಲ್ಲಿ ಫೋಟೋಗಳನ್ನು ಇಡುವ ಡಬ್ಬ) ಸರಿ, ಕೋಡ್ ಸರಿ. ಸಹಿಯ ಶೈಲಿ ಮಾತ್ರ ಹಳತು. ಹಳೆಯ ವಲಯಗಳಲ್ಲಿ ಎರಡನೇ ಸಹಿಯನ್ನು 2019ರ ಜೂನ್ 24ಕ್ಕೆ ನಿಲ್ಲಿಸುತ್ತೇವೆ ಎಂದಿದ್ದ ಅಮೆಜಾನ್, ಬಳಕೆದಾರರ ಗೋಳು ಕೇಳಿ ಪಟ್ಟು ಸಡಿಲಿಸಿತು: 2020ರ ಜೂನ್ 24ರ ನಂತರ ಹುಟ್ಟಿದ ಬಕೆಟ್‌ಗಳಿಗೆ ಮಾತ್ರ ಇಲ್ಲ, ಮೊದಲಿನವುಗಳಿಗೆ ಸದ್ಯ ನಡೆಯಲಿ ಎಂದಿತು. ದೊಡ್ಡ ಕಂಪನಿಯೂ ತನ್ನ ಹಳೆಯ ಮಾತನ್ನು ಹಿಂತೆಗೆಯಲು ಎಷ್ಟು ಒದ್ದಾಡುತ್ತದೆ ನೋಡಿ.

ಸಹಿ ಎಂಬುದು ಬಳಕೆದಾರರ ತಲೆಗೆ ಬರಲೇಬಾರದ ವಿಷಯ. ಇಲ್ಲಿ ಲೈಬ್ರರಿ ಮರುಮಾತಿಲ್ಲದೆ ತಾನೇ ಬದಲಾಗಬೇಕು. ಆದರೆ ಅದರೊಳಗೆ ಎಷ್ಟು ಸೂಕ್ಷ್ಮ ಉಂಟು ಎಂದರೆ, ಕನ್ನಡದಲ್ಲಿ ಕೆಲಸ ಮಾಡುವವರಿಗೆ ಅದು ಬೇಗ ಅನುಭವಕ್ಕೆ ಬರುತ್ತದೆ. ಫೋಟೋಗೆ 'ಕೊಳೆರೋಗ-ಪೆರ್ಲ' ಎಂದು ಹೆಸರಿಡಿ. ಕನ್ನಡದ ಒಂದೊಂದು ಯೂನಿಕೋಡ್ ಸಂಕೇತವೂ ಯುಟಿಎಫ್-8 ಎಂಬ ಬರವಣಿಗೆಯ ಕ್ರಮದಲ್ಲಿ ಮೂರು ಬೈಟ್. ಪ್ರತಿ ಬೈಟನ್ನೂ ಶೇಕಡಾ ಚಿಹ್ನೆಯೊಂದಿಗೆ ಬಿಡಿಸಿ ವಿಳಾಸದಲ್ಲಿ ಬರೆಯಬೇಕು, ಆ ಬರೆದ ರೂಪದ ಮೇಲೆಯೇ ಸಹಿ ಬೀಳಬೇಕು. ಅಮೆಜಾನಿನ ಬೇರೆ ಸೇವೆಗಳಿಗೆ ಈ ಬಿಡಿಸುವಿಕೆ ಎರಡು ಸಲ ಆಗಬೇಕು, ಎಸ್3ಗೆ ಮಾತ್ರ ಒಂದೇ ಸಲ. ಇಂಗ್ಲಿಷ್ ಹೆಸರುಗಳಲ್ಲೇ ಪರೀಕ್ಷೆ ಮಾಡಿದವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ, ಯಾಕೆಂದರೆ ಸಾದಾ ಅಕ್ಷರಗಳು ಬಿಡಿಸಿದರೂ ಹಾಗೆಯೇ ಇರುತ್ತವೆ. ಕನ್ನಡ ಹೆಸರು ಬಂದ ದಿನ 'ಸಹಿ ಹೊಂದುತ್ತಿಲ್ಲ' ಎಂಬ ಉತ್ತರ. ಎಸ್3 ಹೆಸರಿನ ಮಿತಿ 1024 ಬೈಟ್, ಅಂದರೆ ನಮಗೆ ಸುಮಾರು 341 ಸಂಕೇತಗಳು, ಅದು ಸಾಕಷ್ಟಾಯಿತು. ಆದರೆ ಫೋಟೋದ ಜೊತೆ ಹೋಗುವ ಮೆಟಾಡೇಟಾದಲ್ಲಿ ಊರಿನ ಹೆಸರನ್ನು ಕನ್ನಡದಲ್ಲಿ ಹಾಕಿದರೆ ಬೋಟೊ3 ವಿನಂತಿಯನ್ನು ಕಳಿಸುವ ಮೊದಲೇ ತಡೆಯುತ್ತದೆ. ಅಲ್ಲಿ ಆಸ್ಕಿ ಎಂಬ ಸಾದಾ ಇಂಗ್ಲಿಷ್ ಅಕ್ಷರಗಳು ಮಾತ್ರ ಸಲ್ಲುತ್ತವೆ.

ಇನ್ನೂ ಒಂದು ಗಂಟು. 'ಕೊ' ಅಕ್ಷರದ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತಗಳಾಗಿಯೂ ಬರೆಯಬಹುದು. ಪರದೆಯಲ್ಲಿ ಎರಡೂ ಒಂದೇ. ಎಸ್3ಗೆ ಬೈಟುಗಳು ಬೇರೆ, ಹಾಗಾಗಿ ಅವು ಎರಡು ಬೇರೆ ಬೇರೆ ಫೋಟೋಗಳು. 'ಇದನ್ನು ಲೈಬ್ರರಿಯೇ ಒಂದು ರೂಪಕ್ಕೆ ತಂದುಬಿಡಲಿ' ಎಂದು ಹುಡುಗರಿಗೆ ಅನ್ನಿಸುವುದು ಸಹಜ. ಮೊದಲ ದಿನದಿಂದಲೇ ಹಾಗಿದ್ದರೆ ಒಳ್ಳೆಯದೇ. ಆದರೆ ಮಧ್ಯದಲ್ಲಿ ಒಂದು ಸಣ್ಣ ಅಪ್‌ಡೇಟಿನಲ್ಲಿ ಸದ್ದಿಲ್ಲದೆ ತಂದರೆ, ಹಳೆಯ ರೂಪದಲ್ಲಿ ಇಟ್ಟ ಫೋಟೋಗಳನ್ನು ಹೊಸ ಲೈಬ್ರರಿ ಹುಡುಕಿದರೂ ಸಿಗುವುದಿಲ್ಲ. ಉಪಕಾರ ಮಾಡಲು ಹೋಗಿ ಕೊಟ್ಟ ಮಾತು ತಪ್ಪಿದ ಹಾಗಾಗುತ್ತದೆ. ಇಂಥದ್ದನ್ನು ನುಂಗಬಾರದು, ಬಳಕೆದಾರರಿಗೆ ಹೇಳಿ, ಅವರೇ ಆರಿಸಿಕೊಳ್ಳುವಂತೆ ಬಿಡಬೇಕು.

ಆಕಾರ ಅದೇ, ನಡತೆ ಬೇರೆ

ಮಾದರಿ ಕಡತಗಳನ್ನು ದಿನಾ ಹೋಲಿಸಿ ನೋಡುವ ಯಂತ್ರ ಇಟ್ಟರೆ ಕಾಲಂಗಳ ಬದಲಾವಣೆ ಸಿಕ್ಕಿಬೀಳುತ್ತದೆ. ಸಿಗದೆ ಉಳಿಯುವುದು ನಡತೆಯ ಬದಲಾವಣೆ. 2023ರ ಏಪ್ರಿಲ್‌ನಿಂದ ಎಸ್3ಯ ಹೊಸ ಬಕೆಟ್‌ಗಳಲ್ಲಿ ಸಾರ್ವಜನಿಕ ಪ್ರವೇಶ ತಡೆ ತಾನಾಗಿ ಚಾಲೂ ಇರುತ್ತದೆ, ಎಸಿಎಲ್ ಎಂಬ ಹಳೆಯ ಅನುಮತಿ ವ್ಯವಸ್ಥೆ ತಾನಾಗಿ ಬಂದ್. ಒಳ್ಳೆಯ ನಿರ್ಧಾರವೇ, ಅಜಾಗ್ರತೆಯಿಂದ ತೆರೆದಿಟ್ಟ ಬಕೆಟ್‌ಗಳಿಂದ ಲೋಕದಲ್ಲಿ ಎಷ್ಟೋ ಮಾಹಿತಿ ಸೋರಿದೆ. ಆದರೆ 'ಬಕೆಟ್ ಮಾಡು, ಫೋಟೋ ಹಾಕು, ಎಲ್ಲರಿಗೂ ಕಾಣಿಸು' ಎಂಬ ಮೂರು ಸಾಲಿನ ಹಳೆಯ ಸ್ಕ್ರಿಪ್ಟ್ ಮೂರನೇ ಸಾಲಿನಲ್ಲಿ ನಿಲ್ಲುತ್ತದೆ. ಎಪಿಐಯ ಒಂದು ಕಾಲಂ ಬದಲಾಗಿಲ್ಲ, ಲೈಬ್ರರಿಯ ಒಂದು ಸಾಲು ಬದಲಾಗಿಲ್ಲ. ಹಳೆಯ ಬಕೆಟ್‌ನಲ್ಲಿ ಅದೇ ಸ್ಕ್ರಿಪ್ಟಿನ ಕೊನೆಯ ಎರಡು ಸಾಲು ಇವತ್ತೂ ನಡೆಯುತ್ತವೆ, ಆದ್ದರಿಂದ ಹುಡುಕುವವನ ತಲೆ ಇನ್ನಷ್ಟು ಕೆಡುತ್ತದೆ.

ಇಲ್ಲಿ ಲೈಬ್ರರಿ ಏನು ಮಾಡಬಹುದು? ಒಳಗಿಂದೊಳಗೇ ತಡೆಯನ್ನು ತೆಗೆದು ಹಳೆಯ ನಡತೆ ಮರಳಿಸಬಹುದು, ತಾಂತ್ರಿಕವಾಗಿ ಸಾಧ್ಯ. ಹಾಗೆ ಮಾಡುವ ಲೈಬ್ರರಿಯನ್ನು ನಾನು ಬಳಸಲಾರೆ. ಸುರಕ್ಷೆಗಾಗಿ ಬಂದ ಬದಲಾವಣೆಯನ್ನು ಅನುಕೂಲಕ್ಕಾಗಿ ರದ್ದು ಮಾಡುವ ಹಕ್ಕು ಮಧ್ಯದವರಿಗಿಲ್ಲ. ಸರಿಯಾದ ದಾರಿ ಎಂದರೆ, ಒಗಟಿನಂಥ ದೋಷಸಂದೇಶವನ್ನು ಹಿಡಿದು, ಈ ಬಕೆಟ್‌ನಲ್ಲಿ ಎಸಿಎಲ್ ಬಂದ್ ಇದೆ, ಸಾರ್ವಜನಿಕ ಮಾಡಲೇಬೇಕಿದ್ದರೆ ನೀವೇ ತಡೆಯನ್ನು ತೆಗೆದು ಬಕೆಟ್ ನೀತಿಯ ಮೂಲಕ ಮಾಡಿ ಎಂದು ಸ್ಪಷ್ಟ ಮಾತಿನಲ್ಲಿ ದಾಟಿಸುವುದು. ಕೆಲವೊಮ್ಮೆ ಲೈಬ್ರರಿಯ ಅತ್ಯುತ್ತಮ ಅಪ್‌ಡೇಟ್ ಎಂದರೆ ಒಂದು ಒಳ್ಳೆಯ ದೋಷಸಂದೇಶ.

ತಿರುಗಿದ ಉದಾಹರಣೆಯೂ ಇದೆ. 2020ರ ಡಿಸೆಂಬರ್ ತನಕ ಎಸ್3ಯಲ್ಲಿ ಒಂದು ಫೋಟೋವನ್ನು ಬದಲಾಯಿಸಿ ತಕ್ಷಣ ಓದಿದರೆ ಹಳೆಯದೇ ಬರುವ ಸಾಧ್ಯತೆ ಇತ್ತು. ಆಮೇಲೆ ಬರೆದದ್ದು ಆ ಕ್ಷಣವೇ ಓದಲು ಸಿಗುತ್ತದೆ ಎಂಬ ಖಾತ್ರಿ ಬಂತು. ಅದಕ್ಕಾಗಿ ಲೈಬ್ರರಿಗಳಲ್ಲಿ ಬರೆದಿಟ್ಟ 'ಸ್ವಲ್ಪ ಕಾದು ಮತ್ತೆ ನೋಡು' ಎಂಬ ಕೋಡೆಲ್ಲ ಕಸವಾಯಿತು. ಅಪ್‌ಡೇಟ್ ಎಂದರೆ ಕಿತ್ತುಹಾಕುವುದೂ ಹೌದು. ಇದನ್ನು ಯಾರೂ ಮಾಡುವುದಿಲ್ಲ.

ಮೂರನೆಯದು ಲೈಬ್ರರಿಯೇ ಮಾಡಿದ ಬದಲಾವಣೆ. 2025ರ ಜನವರಿಯಲ್ಲಿ ಬೋಟೊ3ರ 1.36 ಆವೃತ್ತಿ, ಅಪ್‌ಲೋಡ್ ಆಗುವ ಪ್ರತಿ ಕಡತಕ್ಕೂ ತಾನಾಗಿ ಸಿಆರ್‌ಸಿ32 ಚೆಕ್‌ಸಮ್ (ಕಡತದ ಬೈಟುಗಳಿಂದ ಬರುವ ತಾಳೆ ಸಂಖ್ಯೆ) ಲೆಕ್ಕ ಹಾಕಿ ಕಳಿಸಲು ಶುರುಮಾಡಿತು. ದಾರಿಯಲ್ಲಿ ಕಡತ ಕೆಟ್ಟರೆ ಗೊತ್ತಾಗಲಿ ಎಂಬ ಉದ್ದೇಶ. ಅಮೆಜಾನಿನ ಎಸ್3ಗೆ ಏನೂ ತೊಂದರೆ ಇಲ್ಲ. ಆದರೆ ಎಸ್3ಯ ಎಪಿಐಯನ್ನೇ ಅನುಕರಿಸುವ ಬೇರೆ ಕಂಪನಿಗಳ ಅಗ್ಗದ ಸಂಗ್ರಹಗಳಿವೆಯಲ್ಲ, ಅವುಗಳಲ್ಲಿ ಹಲವಕ್ಕೆ ವಿನಂತಿಯ ತಲೆಗೆ ಸೇರುವ ಈ ಹೊಸ ಸಾಲುಗಳು, ಅಂದರೆ ಹೆಡರ್‌ಗಳು, ಅರ್ಥವಾಗದೆ ಅಪ್‌ಲೋಡ್‌ಗಳು ಬಿದ್ದುಹೋದವು. 'ಅಗತ್ಯವಿದ್ದಾಗ ಮಾತ್ರ' ಎಂಬ ಸೆಟ್ಟಿಂಗ್ ಹಾಕಿ ಹಳೆಯ ನಡತೆಗೆ ಮರಳಬೇಕಾಯಿತು. ನಂಬರ್ ನೋಡಿದರೆ 1.35ರಿಂದ 1.36, ಸಣ್ಣ ಹೆಜ್ಜೆ. ಆವೃತ್ತಿ ಸಂಖ್ಯೆಯ ಮೊದಲ ಅಂಕಿ ಬದಲಾದರೆ ಮಾತ್ರ ಮುರಿಯುತ್ತದೆ, ನಡುವಿನದು ಬದಲಾದರೆ ಇಲ್ಲ ಎಂಬ ಸಂಪ್ರದಾಯವನ್ನು ಕುರುಡಾಗಿ ನಂಬಿದವರಿಗೆ ಅದು ಪಾಠ. ಗೂಗಲ್‌ನಲ್ಲಿದ್ದ ಹೈರಮ್ ರೈಟ್ ಹೆಸರಿನಲ್ಲಿ ಒಂದು ನಿಯಮವೇ ಇದೆ: ಬಳಸುವವರು ಸಾಕಷ್ಟು ಜನ ಇದ್ದರೆ, ನೀವು ಮಾತು ಕೊಟ್ಟಿರಿ ಬಿಟ್ಟಿರಿ, ನಿಮ್ಮ ವ್ಯವಸ್ಥೆಯ ಕಣ್ಣಿಗೆ ಬೀಳುವ ಪ್ರತಿ ನಡತೆಯನ್ನೂ ಯಾರೋ ಒಬ್ಬರು ನೆಚ್ಚಿಕೊಂಡಿರುತ್ತಾರೆ.

ಆಷಾಢದ ನೆಟ್ ಮತ್ತು ಎರಡನೇ ಪ್ರಯತ್ನ

ಗಾಳಿಮಳೆಗೆ ಕರೆಂಟ್ ಹೋಯಿತು, ಟವರ್ ಹೋಯಿತು. ವಿನಂತಿ ಕಳಿಸಿದ್ದೇವೆ, ಉತ್ತರ ಬಂದಿಲ್ಲ. ವಿನಂತಿ ತಲುಪಲೇ ಇಲ್ಲವೋ, ತಲುಪಿ ಕೆಲಸ ಆಗಿ ಉತ್ತರ ದಾರಿಯಲ್ಲಿ ಬಿತ್ತೋ? ಲೈಬ್ರರಿಗೆ ತಿಳಿಯುವ ದಾರಿಯಿಲ್ಲ. ಅದೇ ಹೆಸರಿನಲ್ಲಿ ಅದೇ ಫೋಟೋವನ್ನು ಇನ್ನೊಮ್ಮೆ ಹಾಕಿದರೆ ನಷ್ಟವಿಲ್ಲ. 'ಒಂದು ಸರ್ವರ್ ಶುರುಮಾಡು' ಎಂಬ ವಿನಂತಿಯನ್ನು ಇನ್ನೊಮ್ಮೆ ಕಳಿಸಿದರೆ ಎರಡು ಸರ್ವರ್, ಎರಡು ಬಿಲ್. ಅದಕ್ಕೇ ಅಮೆಜಾನಿನ ಸರ್ವರ್ ಸೇವೆ ಇಸಿ2ರಲ್ಲಿ ಕ್ಲೈಂಟ್ ಟೋಕನ್ ಎಂಬ ಕಾಲಂ ಇದೆ. ಅದೇ ಟೋಕನ್‌ನೊಂದಿಗೆ ಎಷ್ಟು ಸಲ ಕೇಳಿದರೂ ಒಂದೇ ಸರ್ವರ್. ಬಳಕೆದಾರರು ಟೋಕನ್ ಕೊಡದಿದ್ದರೆ ಲೈಬ್ರರಿ ತಾನೇ ಒಂದನ್ನು ಹುಟ್ಟಿಸಿ ಸೇರಿಸಬಹುದು. ಯಾವ ಕಾಲಂ ಇಂಥದ್ದು ಎಂಬ ಗುರುತು ಬೋಟೊಕೋರ್‌ನ ಮಾದರಿಯಲ್ಲೇ ಇರುತ್ತದೆ. ಹಳೆಯ ಮಾದರಿ ಇಟ್ಟುಕೊಂಡ ಲೈಬ್ರರಿಗೆ ಈ ಗುರುತು ಸಿಗುವುದಿಲ್ಲ, ಹಾಗಾಗಿ ಅಪ್‌ಡೇಟ್ ಮಾಡದಿರುವುದಕ್ಕೂ ಬಿಲ್ ಬರಬಹುದು.

ಮರುಪ್ರಯತ್ನಗಳ ನಡುವೆ ಕಾಯುವ ಸಮಯ ಪ್ರತಿ ಸಲ ಹೆಚ್ಚಬೇಕು, ಜೊತೆಗೆ ಅದರಲ್ಲಿ ಒಂದಿಷ್ಟು ಅನಿಶ್ಚಿತತೆ ಬೆರೆಸಬೇಕು. ಇಲ್ಲವಾದರೆ ಕರೆಂಟ್ ಬಂದ ಕ್ಷಣ ಎಲ್ಲ ಫೋನುಗಳೂ ಒಟ್ಟಿಗೆ ಮುಗಿಬೀಳುತ್ತವೆ. ಕರೆಂಟಿನ ಮಾತು ಬಂತೆಂದು ಇನ್ನೊಂದು ಸಂಗತಿ: ಬೋರ್ಡಿನ ಬ್ಯಾಟರಿ ಸತ್ತ ಹಳೆಯ ಕಂಪ್ಯೂಟರ್ ಪ್ರತಿ ಸಲ ಹಿಂದಿನ ಯಾವುದೋ ಇಸವಿಯಲ್ಲಿ ಎಚ್ಚರವಾಗುತ್ತದೆ. ಎಸ್3 15 ನಿಮಿಷಕ್ಕಿಂತ ಹೆಚ್ಚು ಗಡಿಯಾರ ತಪ್ಪಿದ ವಿನಂತಿಯನ್ನು ಸ್ವೀಕರಿಸುವುದಿಲ್ಲ. ಸಹಿಯನ್ನು ಸ್ವತಃ ಬರೆಯಲು ಹೊರಟವರು ಯುಟಿಸಿ ಎಂಬ ಜಾಗತಿಕ ಸಮಯದ ಬದಲು ನಮ್ಮ ಸಮಯ ಹಾಕಿದರೆ ಐದೂವರೆ ಗಂಟೆಯ ವ್ಯತ್ಯಾಸ, ಫಲ ಅದೇ.

ಪರೀಕ್ಷೆಗಳು ಸುಳ್ಳು ಹೇಳುವ ಬಗೆ

ನಿಜವಾದ ಕ್ಲೌಡಿನ ಮೇಲೆ ಪರೀಕ್ಷೆ ಮಾಡಲು ದುಡ್ಡು ಬೇಕು, ನೆಟ್ ಬೇಕು. ಆದ್ದರಿಂದ ಒಮ್ಮೆ ಬಂದ ಉತ್ತರಗಳನ್ನು ರೆಕಾರ್ಡ್ ಮಾಡಿ ಮುದ್ರಿಸಿಟ್ಟು ಮತ್ತೆ ಮತ್ತೆ ಅದನ್ನೇ ಹಾಕಿ ಪರೀಕ್ಷಿಸುತ್ತಾರೆ, ಪೈಥಾನ್‌ನ ವಿಸಿಆರ್‌ಪೈ ಇದಕ್ಕಾಗಿಯೇ ಇದೆ. ಇಲ್ಲವೇ ಮೋಟೊದಂಥ ನಕಲಿ ಅಮೆಜಾನ್ ಬಳಸುತ್ತಾರೆ. ಎರಡೂ ಒಳ್ಳೆಯವೇ, ಆದರೆ ಎರಡೂ ನಿನ್ನೆಯ ಕ್ಲೌಡ್. ಮೇಲೆ ಹೇಳಿದ 2023ರ ಬದಲಾವಣೆ ಮುದ್ರಿತ ಉತ್ತರಗಳಲ್ಲಿ ಎಂದಿಗೂ ಕಾಣಿಸದು. ಎಲ್ಲ ಹಸಿರು, ಎಲ್ಲ ಪಾಸ್.

ಹಾಗಾಗಿ ನಾನಾದರೆ ಪರೀಕ್ಷೆಗಳನ್ನು ಎರಡು ಕಟ್ಟು ಮಾಡುತ್ತೇನೆ. ಕೋಡ್ ಬದಲಾದಾಗೆಲ್ಲ ಓಡುವುದು ಮುದ್ರಿತ ಕಟ್ಟು. ಕೋಡ್ ಬದಲಾಗಲಿ ಬಿಡಲಿ ದಿನಕ್ಕೊಮ್ಮೆ ರಾತ್ರಿ ಓಡುವುದು ನಿಜವಾದ ಕಟ್ಟು: ಹೊಸ ಬಕೆಟ್ ಮಾಡಿ, ಕನ್ನಡ ಹೆಸರಿನ ಎರಡು ಫೋಟೋ ಇಟ್ಟು, ತೆಗೆದು, ಬಕೆಟ್ ಅಳಿಸುವುದು. ಪ್ರತಿ ಸಲ ಹೊಸ ಬಕೆಟ್ ಎಂಬುದು ಮುಖ್ಯ. ಪಟ್ಟಿ ತರಿಸುವ ಪರೀಕ್ಷೆಯಲ್ಲಿ ಸಾವಿರಕ್ಕಿಂತ ಒಂದಾದರೂ ಹೆಚ್ಚು ವಸ್ತು ಇರಲಿ, ಯಾಕೆಂದರೆ ಎಸ್3 ಒಂದು ಉತ್ತರದಲ್ಲಿ ಕೊಡುವುದು ಗರಿಷ್ಠ 1000 ಹೆಸರು. ಉಳಿದದ್ದಕ್ಕೆ ಮುಂದುವರಿಕೆಯ ಚೀಟಿ ಕೊಡುತ್ತದೆ. ಆ ಚೀಟಿಯನ್ನು ಮರೆತ ಲೈಬ್ರರಿ ಮೊದಲ ಮಳೆಗಾಲದಲ್ಲಿ ಚೆನ್ನಾಗಿಯೇ ನಡೆಯುತ್ತದೆ, ಎರಡನೆಯದರಲ್ಲಿ ಪಟ್ಟಿಯ ಸಾವಿರದಾಚೆಯ ಫೋಟೋಗಳು ಕಾಣೆಯಾಗುತ್ತವೆ. ಈ ಸಾವಿರ ಫೋಟೋಗಳ ಬಕೆಟ್ ಮಾತ್ರ ದಿನಾ ಹೊಸದಾಗಬೇಕಿಲ್ಲ, ಅದು ಖಾಯಂ ಇರಲಿ.

ವಿದಾಯ ಹೇಳುವ ಕ್ರಮ

ಕ್ಲೌಡ್‌ಗಳು ತಮ್ಮ ಹಳತನ್ನು ಬಿಡುವ ರೀತಿ ಒಂದೊಂದರದು ಒಂದೊಂದು. ಎಸ್3ಯ ಎಪಿಐ ಆವೃತ್ತಿ ಇಂದಿಗೂ 2006-03-01. ಹುಟ್ಟಿದ ದಿನಗಳ ತಾರೀಕನ್ನೇ ಇಟ್ಟುಕೊಂಡು, ಸೇರಿಸುತ್ತಾ ಸೇರಿಸುತ್ತಾ ಬಂದಿದೆ. ಅಜ್ಯೂರ್‌ನಲ್ಲಿ ಪ್ರತಿ ವಿನಂತಿಯೂ ತನಗೆ ಯಾವ ತಾರೀಕಿನ ಎಪಿಐ ಬೇಕೆಂದು ಹೇಳಬೇಕು. ಹಲವು ಸರ್ವರ್‌ಗಳಲ್ಲಿ ಪ್ರೋಗ್ರಾಂಗಳನ್ನು ಓಡಿಸಿ ನೋಡಿಕೊಳ್ಳುವ ಕುಬರ್ನೆಟಿಸ್ ಹೇಳಿ ತೆಗೆಯುತ್ತದೆ: 2021ರ ಆಗಸ್ಟ್‌ನ 1.22ರಲ್ಲಿ, ಹೊರಗಿನ ವಿನಂತಿಗಳನ್ನು ಒಳಗೆ ದಾಟಿಸುವ ಇಂಗ್ರೆಸ್‌ನ ಬೀಟಾ (ಪ್ರಯೋಗದ ಹಂತದ) ಎಪಿಐಗಳನ್ನು ತೆಗೆದೇಬಿಟ್ಟಿತು. ಹೊಸ ರೂಪದಲ್ಲಿ ಕಾಲಂಗಳ ಜೋಡಣೆಯೂ ಬೇರೆ, ಹಾಗಾಗಿ ಬರೀ ಆವೃತ್ತಿಯ ಹೆಸರು ಬದಲಿಸಿದವರದ್ದು ನಡೆಯಲಿಲ್ಲ. ಎಚ್‌ಟಿಟಿಪಿ ಉತ್ತರದಲ್ಲೇ 'ಈ ವಿಳಾಸ ಇಂಥ ದಿನ ನಿಲ್ಲುತ್ತದೆ' ಎಂದು ಹೇಳುವ ಸನ್‌ಸೆಟ್ ಎಂಬ ಹೆಡರ್‌ಗೆ 2019ರಲ್ಲಿ ಆರ್‌ಎಫ್‌ಸಿ 8594 ಎಂಬ ಇಂಟರ್‌ನೆಟ್ ತಾಂತ್ರಿಕ ದಾಖಲೆ ಬಂತು. ಲೈಬ್ರರಿ ಅದನ್ನು ಓದಿ ನುಂಗಿಬಿಟ್ಟರೆ ಬಳಕೆದಾರರಿಗೆ ಅದರ ಸುಳಿವೇ ಇರುವುದಿಲ್ಲ, ಲಾಗ್‌ನಲ್ಲಿ ಬರೆಯಬೇಕು. ಪೈಥಾನ್‌ನ ಡಿಪ್ರಿಕೇಶನ್ ವಾರ್ನಿಂಗ್ ಎಂಬ ಎಚ್ಚರಿಕೆಯನ್ನು ನೆಚ್ಚಿದರೆ ಸಾಲದು, ಲೈಬ್ರರಿಯ ಒಳಗಿಂದ ಬಂದಾಗ ಅದು ಸಾಮಾನ್ಯವಾಗಿ ಪರದೆಗೆ ಬರುವುದೇ ಇಲ್ಲ.

ಕೊನೆಗೆ ಲೈಬ್ರರಿಯೇ ತನ್ನ ಹಳೆಯ ರೂಪ ಬಿಡಬೇಕಾದಾಗ ಏನು? ಬೋಟೊದಿಂದ ಬೋಟೊ3ಕ್ಕೆ ಹೋಗುವಾಗ ಮಾಡಿದ ಒಂದು ಸಣ್ಣ ನಿರ್ಧಾರ ನನಗೆ ಬಹಳ ಹಿಡಿಸಿದ್ದು: ಪ್ಯಾಕೇಜಿನ ಹೆಸರನ್ನೇ ಬೇರೆ ಇಟ್ಟರು. ಹೆಸರು ಒಂದೇ ಆಗಿದ್ದು ಅಂಕಿ ಮಾತ್ರ ಬದಲಾಗಿದ್ದರೆ, ಒಂದು ಪ್ರಾಜೆಕ್ಟಿನಲ್ಲಿ ಒಂದೇ ಇರಬಹುದಿತ್ತು. ಇಡೀ ಕೋಡನ್ನು ಒಂದೇ ದಿನ ಬದಲಾಯಿಸಬೇಕಿತ್ತು. ಹೆಸರು ಬೇರೆಯಾದ್ದರಿಂದ ಎರಡನ್ನೂ ಅಕ್ಕಪಕ್ಕ ಇಟ್ಟು, ಇವತ್ತು ಈ ಕಡತ, ಮುಂದಿನ ವಾರ ಆ ಕಡತ ಎಂದು ಸಾಗಲು ಆಯಿತು. ಎಣ್ಮಕಜೆಯ ಹುಡುಗರ ಲೈಬ್ರರಿಯನ್ನು ನೆಚ್ಚಿದ ಇನ್ನೆರಡು ಗುಂಪುಗಳಿಗೂ ಇದೇ ಅನುಕೂಲ ಸಿಗಬೇಕು. ಹಳೆಯ ಬೋಟೊದ ಕೊನೆಯ ಆವೃತ್ತಿ 2.49 ಬಂದದ್ದು 2018ರಲ್ಲಿ. ಅಲ್ಲಿಂದ ಮೇಲೆ ಅದನ್ನು ಯಾರೂ ಮುಟ್ಟದಿದ್ದರೂ ಸುತ್ತಲಿನ ಪೈಥಾನ್ ಬದಲಾಗುತ್ತಾ ಹೋಯಿತು, 3.12ರ ಹೊತ್ತಿಗೆ ಅದನ್ನು ಇಂಪೋರ್ಟ್ ಮಾಡುವ ಸಾಲಿನಲ್ಲೇ ಪ್ರೋಗ್ರಾಂ ನಿಲ್ಲತೊಡಗಿತು. ಅಷ್ಟರೊಳಗೆ ಕಡತಗಳನ್ನು ಒಂದೊಂದಾಗಿ ದಾಟಿಸಿಕೊಂಡವರಿಗೆ ಆ ಸುದ್ದಿ ಗೊತ್ತಾಗುವ ಅಗತ್ಯವೂ ಬೀಳಲಿಲ್ಲ.